ಊಟದ ಪಕ್ಕದ ಕಾಫಿ ಲೋಟ

ಇಂದಿನ ಧಮ್ಮ ಚಿಂತನೆ



ಕಾಫಿಗೂ ಧಮ್ಮಕ್ಕೂ ಎಲ್ಲಿಯ ಸಂಬಂಧ ಎಂದು ಈಗಾಗಲೇ ಕೆಲವರು ಮುಖ ಕಿವುಚಿರಬಹುದು. ಮೊದಲೇ ಹೇಳಿಬಿಡುತ್ತೇನೆ, ಕಾಫಿ ಬಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಪಂಚಶೀಲದ ಐದನೆಯ ಶೀಲದಲ್ಲಿ ಕಾಫಿ ಬರುವುದಿಲ್ಲ. ಅದು ಎಚ್ಚರ ತಪ್ಪಿಸುವ ಮದ್ಯದ ಮಾತು. ಬಾಬಾಸಾಹೇಬರು 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿಯೂ ಮದ್ಯ ಬೇಡ ಎಂದಿದೆ, ಕಾಫಿಯ ಸುದ್ದಿಯೇ ಇಲ್ಲ. ನಾನು ಹೇಳಹೊರಟಿರುವುದು ಒಂದು ಸಣ್ಣ ಅಭ್ಯಾಸದ ಬಗ್ಗೆ. ರೊಟ್ಟಿ ಮುರಿಯುವಾಗ ಎಡಗೈಯಲ್ಲಿ ಕಾಫಿ, ಊಟ ಮುಗಿಸಿ ಕೈ ಒರೆಸುವ ಮೊದಲೇ ಕಾಫಿ. ಅಂದರೆ, ಕಾಫಿ ಮತ್ತು ಅನ್ನ ಹೊಟ್ಟೆಯೊಳಗೆ ಒಟ್ಟಿಗೆ ಸೇರುವ ಅಭ್ಯಾಸ.

ಕನ್ನಡ ಕಲಿಸುವವಳಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. ನಮ್ಮ ಕಡೆ ಬೆಳಿಗ್ಗೆ ಎದುರಾದವರನ್ನು "ಕಾಫಿ ಆಯ್ತಾ?" ಎಂದು ಕೇಳುತ್ತೇವೆ. ಕೇಳುವುದು ತಿಂಡಿ ಆಯಿತೇ ಎಂದು. ತಿಂಡಿಗೂ ಕಾಫಿಗೂ ನಮ್ಮ ಭಾಷೆಯೇ ಗಂಟು ಹಾಕಿಬಿಟ್ಟಿದೆ. ಅಭ್ಯಾಸ ಮಾತಿನೊಳಗೆ ಹೊಕ್ಕ ಮೇಲೆ ಅದು ಅಭ್ಯಾಸ ಎಂಬುದೇ ಮರೆತುಹೋಗುತ್ತದೆ.

ನಮ್ಮದು ಕಾಫಿ ಸೀಮೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದ್ದು. ಬಾಬಾಬುಡನ್ ಏಳು ಬೀಜ ತಂದು ಗಿರಿಯ ಮೇಲೆ ನೆಟ್ಟ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆ ಗಿಡಗಳ ಬುಡ ಬಿಡಿಸಿದವರು, ಹಣ್ಣು ಕುಯ್ದವರು, ಮೂಟೆ ಹೊತ್ತವರು ಯಾರು ಎಂಬುದು ಮಾತ್ರ ಯಾವ ಕಥೆಯಲ್ಲೂ ಬರುವುದಿಲ್ಲ. ನನ್ನ ಅವ್ವ ಹೊತ್ತವಳು. ಲೈನ್‌ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಒಲೆ ಹೊತ್ತಿಸುತ್ತಿದ್ದಳು. ಎರಡು ಅಕ್ಕಿರೊಟ್ಟಿ, ಒಂದು ಚೊಂಬು ಬೆಲ್ಲದ ಕರಿಕಾಫಿ. ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿಂದು ತೋಟಕ್ಕೆ ಓಡುವುದು. ಪಲ್ಯ ಮಾಡಲು ಏನೂ ಇಲ್ಲದ ದಿನ ಕಾಫಿಯೇ ಪಲ್ಯ. ಮಧ್ಯಾಹ್ನ ಬುತ್ತಿಯಲ್ಲಿ ಅನ್ನ, ಪಕ್ಕದಲ್ಲಿ ಬಾಟಲಿಯಲ್ಲಿ ಅದೇ ಕಾಫಿ, ಆರಿ ತಣ್ಣಗಾಗಿದ್ದು. "ಹೊಟ್ಟೆಗೆ ಬಿಸಿ ಬಿದ್ರೆ ಹಸಿವು ಕಾಣಲ್ಲ ಕಣವ್ವ" ಅನ್ನುತ್ತಿದ್ದಳು. ಆದ್ದರಿಂದ ಊಟದ ಜೊತೆ ಕಾಫಿ ಕುಡಿಯಬೇಡಿ ಎಂದು ಉಪದೇಶ ಮಾಡುವವರು ಮೊದಲು ಒಂದು ಸಂಗತಿ ತಿಳಿಯಬೇಕು. ನಮ್ಮ ಹಿರಿಯರ ತಟ್ಟೆಯಲ್ಲಿ ಆ ಕಾಫಿ ಶೋಕಿಗೆ ಬಂದು ಕೂತದ್ದಲ್ಲ. ಅಲ್ಲಿ ಇರಬೇಕಾಗಿದ್ದ ಸೊಪ್ಪು, ಬೇಳೆ, ಮಾಂಸ ಇಲ್ಲದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಅದು ಕೂತಿತ್ತು.

ಇನ್ನೊಂದು ಸಂಗತಿಯೂ ಇದೆ. ಹೋಟೆಲಿನ ಕಾಫಿ ನಮಗೆ ಬರೀ ಕಾಫಿ ಆಗಿರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಹೋಟೆಲಿನ ಸೂರಿನಡಿ ಬೇರೆ ಲೋಟ ಇರುತ್ತಿತ್ತು. ಅದನ್ನು ತಾನೇ ತೆಗೆದುಕೊಂಡು, ಮೇಲಿನಿಂದ ಹುಯ್ಯಿಸಿಕೊಂಡು, ಹೊರಗೆ ನಿಂತು ಕುಡಿದು, ತಾನೇ ತೊಳೆದು ಮತ್ತೆ ಅಲ್ಲೇ ಬೋರಲು ಹಾಕಿ ಬರಬೇಕು. ಎರಡು ಲೋಟ ಪದ್ಧತಿ ಎಂದು ಈಗ ಪುಸ್ತಕಗಳಲ್ಲಿ ಬರೆಯುತ್ತಾರೆ. ಅಪ್ಪ ಅದಕ್ಕೆ ಹೆಸರೇನೂ ಇಟ್ಟಿರಲಿಲ್ಲ. ಸಾರ್ವಜನಿಕ ಹೋಟೆಲಿಗೆ ಹೋಗಲು ಜಾತಿ ಅಡ್ಡಿಯಾಗಬಾರದು ಎಂದು ಸಂವಿಧಾನದ 15ನೆಯ ವಿಧಿ 1950ರಿಂದಲೇ ಹೇಳುತ್ತಿತ್ತು, ಆದರೆ ಸೂರಿನಡಿಯ ಲೋಟಕ್ಕೆ ಅದು ಕೇಳಿಸಿರಲಿಲ್ಲ. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಊರೂರಿನ ಹೋಟೆಲುಗಳೊಳಗೆ ಹೋಗಿ ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೊಡುವ ಲೋಟದಲ್ಲೇ ಕೊಡಿ ಎಂದು ಕೇಳಿದವರಿದ್ದಾರೆ, ಪೆಟ್ಟು ತಿಂದವರಿದ್ದಾರೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಬಾಯಾರಿಕೆ ಕಾರಣವಾಗಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಲ್ಲವೆ? ಹಾಗೆಯೇ ಇದೂ. ಅದಕ್ಕೇ ನಮ್ಮ ಮನೆಗಳಿಗೆ ಯಾರಾದರೂ ಬಂದರೆ ಮೊದಲು ಕಾಫಿ ಕೊಡುತ್ತೇವೆ, ಅವರು ಕುಡಿಯುತ್ತಾರೋ ಇಲ್ಲವೋ ಎಂದು ಕಣ್ಣಿನ ತುದಿಯಲ್ಲಿ ನೋಡುತ್ತೇವೆ. ಊಟಕ್ಕೆ ಕರೆದರೆ ಊಟದ ಜೊತೆಗೂ ಕೊಡುತ್ತೇವೆ. ಈ ಲೋಟದ ಹಿಂದೆ ಇಷ್ಟು ಚರಿತ್ರೆ ಇದೆ. ಅದನ್ನು ಗೌರವಿಸಿಯೇ ಮುಂದಿನ ಮಾತು.

ನಾವು ತಿನ್ನುವ ಅಕ್ಕಿ, ರಾಗಿ, ಬೇಳೆ, ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ರಕ್ತ ಕೆಂಪಾಗಿರುವುದು, ಉಸಿರಿನ ಗಾಳಿಯನ್ನು ಮೈಯೆಲ್ಲ ಹೊತ್ತು ತಿರುಗುವುದು ಅದರ ಬಲದಿಂದ. ಆದರೆ ಗಿಡದಿಂದ ಬಂದ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಹತ್ತು ಪಾಲು ತಿಂದರೆ ಒಂದು ಪಾಲು ಒಳಗೆ ಹೋದರೆ ದೊಡ್ಡದು. ಕಾಫಿ ಮತ್ತು ಟೀಯಲ್ಲಿ ಪಾಲಿಫಿನಾಲ್ ಎಂಬ ಪದಾರ್ಥಗಳಿವೆ, ಒಗರು ಬರುವುದು ಇಂಥವುಗಳಿಂದಲೇ. ಇವು ಹೊಟ್ಟೆಯಲ್ಲಿ ಆ ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿಹಾಕಿದ ಕಬ್ಬಿಣ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. 1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆ ಈ ವಿಷಯದಲ್ಲಿ ಹೆಸರಾದದ್ದು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣ ಮೈಗೆ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಟೀ ಕುಡಿದವರಲ್ಲಿ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಕಡಿಮೆಯಾಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಯ ಮೇಲೆ ಕುಡಿದಾಗ ಊಟದ ಜೊತೆಗೇ ಕುಡಿದಷ್ಟೇ ನಷ್ಟವಾಯಿತು. ಇದು ನಿಮಗೆ ಆಶ್ಚರ್ಯ ಎನಿಸಬಹುದು. ಯೋಚಿಸಿದರೆ ಸರಿಯಾಗಿದೆ, ತಿಂದ ಅನ್ನ ಒಂದು ಗಂಟೆಯಾದರೂ ಹೊಟ್ಟೆಯಲ್ಲೇ ಇರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ, ಟೀ ಬೇಡ ಎಂದಿದೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟದಿರಲಿ ಎಂದೂ ಹೇಳಿದೆ. ಫಿಲ್ಟರ್ ಕಾಫಿಯ 150 ಮಿಲಿಲೀಟರಿನ ಒಂದು ಕಪ್ಪಿನಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆಯಂತೆ, ಲೆಕ್ಕ ನೀವೇ ಹಾಕಿಕೊಳ್ಳಿ. ಆದರೆ ಕಬ್ಬಿಣದ ವಿಷಯದಲ್ಲಿ ಕೆಫೀನ್ ಮೇಲೆ ದೂರು ಹಾಕಬೇಡಿ, ಕಟ್ಟಿಹಾಕುವುದು ಆ ಒಗರಿನ ಪದಾರ್ಥ. ಹಾಲು ಹಾಕಿದ ಮಾತ್ರಕ್ಕೆ ಆ ಗುಣ ಹೋಗುವುದೂ ಇಲ್ಲ.

ಯಾರಿಗೆ ಇದರಿಂದ ಪೆಟ್ಟು? ಚೆನ್ನಾಗಿ ತಿಂದುಂಡು ಇರುವ, ರಕ್ತ ಸರಿಯಾಗಿರುವ ಗಂಡಸಿಗೆ ಇದೊಂದು ದೊಡ್ಡ ವಿಷಯವಲ್ಲ. ಪೆಟ್ಟು ನಮ್ಮ ಹೆಣ್ಣುಮಕ್ಕಳಿಗೆ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಹೆಂಗಸಿಗೆ 29 ಬೇಕು, ತಿಂಗಳು ತಿಂಗಳು ರಕ್ತ ಹೋಗುತ್ತದಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವಳು, ಸಾರಿನ ತಳದಲ್ಲಿ ಉಳಿದದ್ದನ್ನು ಬಡಿಸಿಕೊಳ್ಳುವವಳು, ಅದರ ಮೇಲೆ ಕಾಫಿ ಕುಡಿಯುವವಳೂ ಅವಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಎಲ್ಲವೂ ಕಾಫಿಯಿಂದ ಎಂದು ನಾನು ಹೇಳುವುದಿಲ್ಲ. ಬಡತನ, ಮೇಲಿಂದ ಮೇಲೆ ಹೆರಿಗೆ, ಬರಿಗಾಲಿನಲ್ಲಿ ತೋಟದ ಮಣ್ಣು ತುಳಿದು ಹತ್ತುವ ಕೊಕ್ಕೆಹುಳು, ಇವೆಲ್ಲ ಸೇರಿವೆ. ಆದರೆ ಆ ಪಟ್ಟಿಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ನಾಳೆ ಬೆಳಿಗ್ಗೆಯೇ ಸರಿ ಮಾಡಿಕೊಳ್ಳಬಹುದಾದದ್ದು ಯಾವುದು ಹೇಳಿ.

ನಮ್ಮ ಅತ್ತಿಗೆಯ ವಿಷಯ ಹೇಳುತ್ತೇನೆ, ಅವರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಎರಡನೆಯ ಬಸುರಿಯಲ್ಲಿ ಹಿಮೋಗ್ಲೋಬಿನ್ 7.8 ಇತ್ತು. ಬಸುರಿಗೆ 11 ಇರಬೇಕು. ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ತಂದುಕೊಟ್ಟರು. ಎರಡು ತಿಂಗಳು ತಪ್ಪದೆ ನುಂಗಿದರೂ ರಕ್ತ ಏರಲಿಲ್ಲ. ಮಾತ್ರೆ ಎಸೆಯುತ್ತಿದ್ದೀಯ ಎಂದು ಮನೆಯವರು ಬೈದರು. ಆರೋಗ್ಯ ಕೇಂದ್ರದ ನರ್ಸ್ ಅಕ್ಕ ಮಾತ್ರ ಬೈಯಲಿಲ್ಲ, ಕೇಳಿದರು: "ಯಾವಾಗ ತಗೋತೀಯವ್ವ? ಯಾತರ ಜೊತೆ?" ಅತ್ತಿಗೆ ಹೇಳಿದರು, "ನೀರಲ್ಲಿ ನುಂಗಿದ್ರೆ ಹೊಟ್ಟೆ ತೊಳಸ್ತದೆ ಅಕ್ಕ, ಅದ್ಕೆ ಕಾಫೀಲಿ ನುಂಗ್ತೀನಿ." ಅಷ್ಟೇ ಗುಟ್ಟು. ಆಮೇಲೆ ಮಾತ್ರೆ ರಾತ್ರಿ ಊಟವಾದ ಮೇಲೆ ನಿಂಬೆಹಣ್ಣಿನ ನೀರಿನಲ್ಲಿ, ಕಾಫಿ ಬೆಳಿಗ್ಗೆ ಎದ್ದ ಕೂಡಲೆ, ತಿಂಡಿ ಅದಾಗಿ ಒಂದೂವರೆ ಗಂಟೆಗೆ. ವಾರಕ್ಕೊಮ್ಮೆ ಕುರಿಯ ಈಲಿ ತಂದುಕೊಟ್ಟೆವು. ಹೆರಿಗೆಯ ಹೊತ್ತಿಗೆ 10.4. ಮಗಳು ಈಗ ಅಂಗನವಾಡಿಯಲ್ಲಿ ಎಲ್ಲರನ್ನೂ ಹೊಡೆಯುತ್ತಾಳೆ ಎಂದು ದೂರು ಬರುತ್ತಿದೆ.

ಆ ನರ್ಸ್ ಅಕ್ಕ ಬೌದ್ಧರಲ್ಲ. ಆದರೆ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಧಮ್ಮಕ್ಕೆ ಪ್ರಜ್ಞೆ ಮತ್ತು ಕರುಣೆ ಎರಡೂ ಬೇಕು ಎಂದು ವಿವರಿಸಿದ್ದನ್ನು ನನಗೆ ಅರ್ಥ ಮಾಡಿಸಿದ್ದು ಆಕೆಯ ಆ ಎರಡು ಪ್ರಶ್ನೆಗಳು. ಬೈದವರಿಗೂ ಕಾಳಜಿ ಇತ್ತು. ವಿಚಾರ ಇರಲಿಲ್ಲ.

ಶಾಲೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿಯುವ ಹುಡುಗಿಯರು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಕದ್ದು ಬಳಪ ತಿನ್ನುವವರು, ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವವರು. ಬಳಪ ತಿನ್ನುವ ಚಪಲ ಎಷ್ಟೋ ಸಲ ರಕ್ತಹೀನತೆಯ ಗುರುತು, ಹೊಡೆದು ಬಿಡಿಸುವ ಚಟವಲ್ಲ. ವಾರಕ್ಕೊಂದು ನೀಲಿ ಮಾತ್ರೆ ನಾವು ಕೈಯಾರೆ ನುಂಗಿಸುತ್ತೇವೆ. ಒಂಬತ್ತನೆಯ ತರಗತಿಯ ಒಬ್ಬಳು ಪಾಠದ ಮಧ್ಯೆ ತೂಕಡಿಸುತ್ತಿದ್ದಳು. ಸಹೋದ್ಯೋಗಿಯೊಬ್ಬರು, "ಬಿಡಿ ಮೇಡಂ, ಇವರ ಕೇರಿಯವರೇ ಹೀಗೆ, ಮೈಗಳ್ಳರು" ಎಂದರು. ನನ್ನ ಮುಂದೆಯೇ, ನಾನೂ ಅದೇ ಕೇರಿಯವಳು ಎಂದು ಗೊತ್ತಿದ್ದೂ. ಆ ಹುಡುಗಿಯ ಹಿಮೋಗ್ಲೋಬಿನ್ 8.6 ಇತ್ತು. ರಕ್ತದಲ್ಲಿ ಕಬ್ಬಿಣವಿಲ್ಲದ ಮಗು ಸುಸ್ತಾದರೆ ಜಾತಿ ಅದಕ್ಕೆ ಸೋಮಾರಿತನ ಎಂದು ಹೆಸರಿಡುತ್ತದೆ. ತಲೆಮಾರುಗಳಿಂದ ಹಾಗೆ ಹೆಸರಿಟ್ಟಿದೆ. ಬಾಬಾಸಾಹೇಬರು ಶಿಕ್ಷಣ, ಸಂಘಟನೆ, ಹೋರಾಟ ಎಂದಾಗ ಆ ಮೂರಕ್ಕೂ ನಿಲ್ಲುವ ಮೈ ಬೇಕಲ್ಲ. ತೂಕಡಿಸುವ ಮಗುವಿಗೆ ಯಾವ ವ್ಯಾಕರಣ ತಲೆಗೆ ಹೋಗುತ್ತದೆ?

ಆಳವಿ ಎಂಬ ಊರಿನ ಕಥೆ ಧಮ್ಮಪದದ ಅಟ್ಠಕಥೆಯಲ್ಲಿದೆ. ಭಗವಾನರು ಧಮ್ಮ ಹೇಳಲು ಅಲ್ಲಿಗೆ ಬಂದಿದ್ದಾರೆ, ಊರೆಲ್ಲ ಸೇರಿದೆ. ಒಬ್ಬ ಬಡ ರೈತನ ಎತ್ತು ತಪ್ಪಿಸಿಕೊಂಡಿತ್ತು, ಅದನ್ನು ಹುಡುಕಿ ಕಟ್ಟಿಹಾಕಿ ಅವನು ಬರುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಭಗವಾನರು ಬಾಯಿ ತೆರೆಯದೆ ಅವನಿಗಾಗಿ ಕಾಯುತ್ತಿದ್ದರು. ಬಂದವನಿಗೆ ಉಪದೇಶ ಮಾಡಲಿಲ್ಲ, ಉಳಿದ ಅಡುಗೆ ಇದ್ದರೆ ಇವನಿಗೆ ಬಡಿಸಿ ಎಂದರು. ಅವನು ಉಂಡು ಮುಗಿಸಿದ ಮೇಲೆ ಧಮ್ಮ ಶುರುವಾಯಿತು. ಭಿಕ್ಷುಗಳು ಒಳಗೊಳಗೇ ಗೊಣಗಿದರು, ಒಬ್ಬ ಗೃಹಸ್ಥನ ಊಟದ ಚಿಂತೆ ತಥಾಗತರಿಗೇಕೆ ಎಂದು. ಹಸಿದವನಿಗೆ ಧಮ್ಮ ಅರ್ಥವಾಗುವುದಿಲ್ಲ, ಹಸಿವೆಂಬುದು ರೋಗಗಳಲ್ಲೇ ದೊಡ್ಡದು ಎಂಬ ಅರ್ಥದ ಮಾತನ್ನು ಭಗವಾನರು ಹೇಳಿದ್ದು ಆಗ. ಹೊಟ್ಟೆ ತುಂಬಿದ್ದೂ ರಕ್ತಕ್ಕೆ ಏನೂ ಸೇರದಿರುವುದನ್ನೂ ನಾನು ಹಸಿವು ಎಂದೇ ಕರೆಯುತ್ತೇನೆ.

ನಮ್ಮ ವೃತ್ತದಲ್ಲಿ ಹಿರಿಯರೊಬ್ಬರು ಇದಕ್ಕೆ ಆಕ್ಷೇಪಣೆ ಎತ್ತಿದರು. ಅವರ ಮಾತು ತೂಕದ್ದು. "ತಾಯಿ, ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಯಾವುದರ ಜೊತೆ ಯಾವುದು ಸೇರಬಾರದು ಅಂತ ಹೇಳಿಸಿಕೊಂಡು ಸಾಕಾಗಿಯೇ ನಾವು ಆ ಧರ್ಮ ಬಿಟ್ಟು ಬಂದದ್ದು. ಇಲ್ಲೂ ಮಡಿ ಶುರು ಮಾಡಬೇಡಿ." ಈ ಭಯ ನನಗೂ ಇದೆ. ಉತ್ತರವನ್ನು ಭಗವಾನರಿಂದಲೇ ಪಡೆಯೋಣ. ದೇವದತ್ತ ಐದು ಕಠಿಣ ನಿಯಮ ಮುಂದಿಟ್ಟು, ಭಿಕ್ಷುಗಳು ಮೀನು ಮಾಂಸ ಮುಟ್ಟಲೇಬಾರದು ಎಂದು ಅದರಲ್ಲಿ ಸೇರಿಸಿದಾಗ ಭಗವಾನರು ಒಪ್ಪಲಿಲ್ಲ. ಸುತ್ತನಿಪಾತದ ಆಮಗಂಧ ಸುತ್ತದಲ್ಲಿ, ನಾರುವುದು ಮಾಂಸವಲ್ಲ, ಕೊಲೆ, ಕಳವು, ಸುಳ್ಳು, ಮೋಸಗಳೇ ನಾತ ಎಂಬ ವಿಚಾರ ಬರುತ್ತದೆ. ಆಹಾರ ಮನುಷ್ಯನನ್ನು ಮೈಲಿಗೆ ಮಾಡುವುದಿಲ್ಲ. ಕಾಫಿಯೂ ಮಾಡುವುದಿಲ್ಲ. ಮಡಿಯ ನಿಯಮಕ್ಕೆ ಕಾರಣ ಕೇಳಿದರೆ ಬೈಗುಳ ಸಿಗುತ್ತದೆ. ಇಲ್ಲಿ ಕಾರಣ ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಸುಳ್ಳಾದರೆ ನನ್ನ ಮಾತು ಬಿಟ್ಟುಬಿಡಿ. ಕಾಲಾಮರಿಗೆ ಭಗವಾನರು ಕೊಟ್ಟ ಸ್ವಾತಂತ್ರ್ಯ ಇದೇ ತಾನೆ? ಮಡಿಯ ನಿಯಮ ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸುತ್ತದೆ. ಇದು ಯಾರನ್ನೂ ಎಬ್ಬಿಸುವುದಿಲ್ಲ, ಲೋಟವನ್ನು ಒಂದು ಗಂಟೆ ಆಚೀಚೆ ಸರಿಸುತ್ತದೆ ಅಷ್ಟೆ. ಊಟದ ಜೊತೆ ಕಾಫಿ ಕುಡಿಯುವವರನ್ನು ನೋಡಿ ಯಾರಾದರೂ ಮೂಗು ಮುರಿದರೆ ಆ ದಿನವೇ ನಾನು ಅವರ ಪಕ್ಕ ಕೂತು ಕುಡಿಯುತ್ತೇನೆ.

ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಕಥೆ ಬರುತ್ತದೆ, ನನಗೆ ಬಹಳ ಇಷ್ಟ. ಪಸೇನದಿಗೆ ಅನ್ನದ ಚಪಲ, ದೋಣ ಎಂಬ ದೊಡ್ಡ ಅಳತೆಯ ಅಕ್ಕಿಯ ಅನ್ನವನ್ನೇ ಉಣ್ಣುತ್ತಿದ್ದ. ಒಂದು ದಿನ ಹಾಗೆ ಉಂಡು, ಉಬ್ಬಸ ಬಿಡುತ್ತ ಭಗವಾನರ ಮುಂದೆ ಬಂದು ಕೂತ. ಭಗವಾನರು ಅವನಿಗೆ ಅನ್ನ ಪಾಪ ಎನ್ನಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ. ಎಚ್ಚರದಿಂದ ಉಂಡು ಮಿತಿ ತಿಳಿದವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬರ್ಥದ ಒಂದು ಗಾಥೆ ಹೇಳಿದರು. ರಾಜನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ರಾಜ ಅವನನ್ನು ಕರೆದು, ಈ ಗಾಥೆ ಕಲಿತುಕೋ, ನಾನು ಉಣ್ಣುವಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಹುಡುಗ ಹೇಳಿದ, ರಾಜ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಂಡು ಬಂದು ಕೊನೆಗೆ ಒಂದು ನಾಳಿ ಅಕ್ಕಿಯ ಅನ್ನಕ್ಕೆ ನಿಂತ. ಮೈ ಹಗುರಾಯಿತು. ತನ್ನ ಮೈಯನ್ನು ತಾನೇ ಸವರಿಕೊಂಡು, ಭಗವಾನರು ಈ ಲೋಕದ ಹಿತವನ್ನೂ ನೋಡಿದರು ಎಂದು ಸಂತೋಷಪಟ್ಟ.

ರಾಜನಾದವನಿಗೂ ನೆನಪಿಸಲು ಒಬ್ಬ ಹುಡುಗ ಬೇಕಾಯಿತು ನೋಡಿ. ಸಂಕಲ್ಪ ಮಾಡುವುದು ಸುಲಭ, ತಟ್ಟೆಯ ಮುಂದೆ ಕೂತಾಗ ಅದು ನೆನಪಿಗೆ ಬರಬೇಕಲ್ಲ. ಸತಿಪಟ್ಠಾನದಲ್ಲಿ ಉಣ್ಣುವಾಗ, ಕುಡಿಯುವಾಗ, ಜಗಿಯುವಾಗ, ರುಚಿ ನೋಡುವಾಗಲೂ ಅರಿವಿನಿಂದ ಇರಬೇಕು ಎಂದು ಬರುತ್ತದೆ. ಕಣ್ಣು ಮುಚ್ಚಿ ಕೂತು ಉಸಿರು ನೋಡುವುದನ್ನು ನಾವು ಧ್ಯಾನ ಎಂದುಕೊಂಡಿದ್ದೇವೆ, ಕೈ ತಾನಾಗಿ ಲೋಟದ ಕಡೆ ಹೋಗುವುದನ್ನು ನೋಡುವುದೂ ಅದರಲ್ಲೇ ಸೇರಿದೆ. ನಮ್ಮ ಮನೆಯ ಸುದಸ್ಸನ ನನ್ನ ಮಗ. ಅಜ್ಜಿ ರೊಟ್ಟಿ ಮುರಿಯುವಾಗ ಕಾಫಿ ಚೊಂಬನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಇಡುತ್ತಾನೆ. ನೂರು ಕಹಾಪಣ ಕೇಳುವುದಿಲ್ಲ, ಹತ್ತು ರೂಪಾಯಿಯ ಬಿಸ್ಕತ್ತು ಕೇಳುತ್ತಾನೆ. ಅವ್ವ ಮೊದಮೊದಲು ಗದರಿದಳು. "ಅರವತ್ತು ವರ್ಷ ಕುಡ್ದಿದೀನಿ, ಈಗ ನಿಮ್ಮ ಬುದ್ಧ ಬಂದು ಕಿತ್ಕೊಂಡ್ನಾ?" ಎಂದಳು. ಈಗ ಏಳುತ್ತಲೇ ಕಾಫಿ ಕುಡಿದು, ಅಂಗಳ ಗುಡಿಸಿ, ಸ್ನಾನ ಮುಗಿಸಿ ಆಮೇಲೆ ರೊಟ್ಟಿಗೆ ಕೂರುತ್ತಾಳೆ. ರೊಟ್ಟಿಗೆ ಅದ್ದಿಕೊಳ್ಳಲು ಏನಿದೆ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಕಾಫಿ ತೆಗೆದ ಜಾಗಕ್ಕೆ ಏನಾದರೂ ಇಡಬೇಕು. ನಾವು ಹುರುಳಿ ಸಾರು, ಟೊಮೆಟೊ ಗೊಜ್ಜು, ನುಗ್ಗೆಸೊಪ್ಪಿನ ಪಲ್ಯ ಏನಾದರೊಂದು ಇಡುತ್ತೇವೆ. ನಿಂಬೆ, ನೆಲ್ಲಿಕಾಯಿ, ಸೀಬೆ, ಟೊಮೆಟೊ ಜೊತೆಗಿದ್ದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಮಾಂಸದ ಕಬ್ಬಿಣವನ್ನು ಕಾಫಿ ಅಷ್ಟಾಗಿ ಕಟ್ಟಿಹಾಕಲಾರದು, ಮಾಂಸ ಜೊತೆಗಿದ್ದರೆ ಸೊಪ್ಪು ಬೇಳೆಯ ಕಬ್ಬಿಣವೂ ಚೆನ್ನಾಗಿ ಸೇರುತ್ತದೆ. ನಮ್ಮ ಹಿರಿಯರು ಈಲಿ, ಬೋಟಿ ತಿಂದದ್ದಕ್ಕೆ ನಾಚಿಕೊಳ್ಳುವವರು ಇದನ್ನೂ ತಿಳಿದಿರಲಿ.

ಯಾವಾಗಲೂ ಸುಸ್ತು, ಏದುಸಿರು, ರೆಪ್ಪೆಯ ಒಳಗಡೆ ಬಿಳಿಚಿಕೊಂಡಿರುವುದು ಇದ್ದವರು ಕಾಫಿಯ ಹೊತ್ತು ಬದಲಿಸಿ ಸುಮ್ಮನಿರಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಂತೆ ಮಾಡಿ. ಹಿಮೋಗ್ಲೋಬಿನ್ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು.

ಬರುವ ಹುಣ್ಣಿಮೆಯ ಕಾರ್ಯಕ್ರಮಕ್ಕೆ ನಾವು ಹೆಣ್ಣುಮಕ್ಕಳೆಲ್ಲ ಮಾತಾಡಿಕೊಂಡು ಹೊತ್ತು ಗೊತ್ತು ಮಾಡಿದ್ದೇವೆ. ಬಂದವರಿಗೆಲ್ಲ 10 ಗಂಟೆಗೆ ಕಾಫಿ, ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟದಲ್ಲಿ. ಬುದ್ಧ ವಂದನೆ 10.30ಕ್ಕೆ, ನಂತರ ಪ್ರವಚನ. ಊಟ 1 ಗಂಟೆಗೆ, ಜೊತೆಗೆ ನೀರು ಮಜ್ಜಿಗೆ. ಈ ಸಲ ಹೆಂಗಸರು ಮೊದಲ ಪಂಕ್ತಿಗೆ ಕೂರುತ್ತಾರೆ, ಬಡಿಸುವುದು ಗಂಡಸರು. ಮತ್ತೆ ಕಾಫಿ 3 ಗಂಟೆಗೆ, ಹೊರಡುವ ಮುಂಚೆ. ಹುರುಳಿಕಾಳು ಸಿಕ್ಕಿದೆ, ನುಗ್ಗೆಸೊಪ್ಪು ನಮ್ಮ ಹಿತ್ತಲದ್ದು ಸಾಕಾಗುತ್ತದೆ. ಯಾರ ಮನೆಯಲ್ಲಿ ನಿಂಬೆಗಿಡ ಇದೆಯೋ ಅವರು ಒಂದಿಪ್ಪತ್ತು ಹಣ್ಣು ತನ್ನಿ.

ಜೈ ಭೀಮ್.